ಹೂಂಗುಡುವ ಗೆರೆಗಳು

ಮನೆ ಕಟ್ಟುವ ಕೆಲಸದಷ್ಟು ಗದ್ದಲದ್ದು ಇನ್ನೊಂದಿಲ್ಲ. ಕಟ್ಟಬೇಕಾದ ಮನೆಯ ನಕ್ಷೆ ಬರೆಯುವ ಕೆಲಸದಷ್ಟು ಸದ್ದಿಲ್ಲದ್ದೂ ಇನ್ನೊಂದಿಲ್ಲ. ಸೈಟಿಗೆ ಹೋದರೆ ಕಾಂಕ್ರೀಟ್ ಮಿಕ್ಸರ್ ಗುಡುಗುತ್ತಿರುತ್ತದೆ, ಬಾರ್‌ಬೆಂಡರ್ ಕಂಬಿ ಬಗ್ಗಿಸಿ ಎಸೆಯುತ್ತಿರುತ್ತಾನೆ, ಮೇಸ್ತ್ರಿ ಮೂರನೆಯ ಮಹಡಿಯಲ್ಲಿ ನಿಂತು ಕೆಳಗಿನವನ ವಂಶವನ್ನೆಲ್ಲ ಸ್ಮರಿಸುತ್ತಿರುತ್ತಾನೆ. ಅದೇ ಮನೆ ಮೊದಲು ಹುಟ್ಟಿದ ಮೈಸೂರಿನ ನಮ್ಮ ಪುಟ್ಟ ಆಫೀಸಿಗೆ ಬನ್ನಿ. ಫ್ಯಾನಿನ ಸದ್ದು, ಮೌಸಿನ ಟಿಕ್ ಟಿಕ್, ಅಷ್ಟೇ. ಸೈಟಿನಲ್ಲಿ ಕೂಗಾಡುವ ಗಿರಾಕಿ ಕೂಡ ಇಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಬಂದವರ ಹಾಗೆ ದನಿ ತಗ್ಗಿಸುತ್ತಾರೆ.

ಈ ಮೌನ ನಮ್ಮ ಕಸುಬಿಗೆ ಹುಟ್ಟಿನಿಂದ ಬಂದದ್ದಲ್ಲ. ನಾನು ಕೆಲಸ ಕಲಿತದ್ದು ಬೋರ್ಡಿನ ಮೇಲೆ. ಟೀ-ಸ್ಕ್ವೇರು, ಸೆಟ್‌ಸ್ಕ್ವೇರು, ಕಂಪಾಸ್ ಪೆಟ್ಟಿಗೆ, ಟ್ರೇಸಿಂಗ್ ಪೇಪರಿನ ಸುರುಳಿ ಇವೇ ನಮ್ಮ ಸಂಸಾರ. ಎಂಜಿನಿಯರಿಂಗ್ ಓದಿದವರಿಗೆ ಮಿನಿಡ್ರಾಫ್ಟರ್ ನೆನಪಿರುತ್ತದೆ. ಮೊದಲ ವರ್ಷ ಅದನ್ನೂ ಕೆ.ಆರ್. ಗೋಪಾಲಕೃಷ್ಣ ಅವರ ದಪ್ಪ ಪುಸ್ತಕವನ್ನೂ ಹೊತ್ತುಕೊಂಡು ಸಿಟಿ ಬಸ್ಸಿನಲ್ಲಿ ಎಲ್ಲರ ಪಕ್ಕೆಲುಬಿಗೆ ತಿವಿದವರು ಈ ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಸಾಮಾನುಗಳಲ್ಲಿ ಸುಮ್ಮನೆ ಇರುವಂಥದ್ದು ಒಂದೂ ಇರಲಿಲ್ಲ. 2ಎಚ್ ಪೆನ್ಸಿಲು ಗಡಸು, ಕಾಗದದ ಮೇಲೆ ತೆಳ್ಳಗೆ ಸರ್ರೆನ್ನುತ್ತಿತ್ತು. ಎಚ್‌ಬಿ ಮೆದು, ಅದರದು ಮೊಂಡು ದನಿ. ಇಂಕ್ ಪೆನ್ನಿನ ರೀತಿಯೇ ಬೇರೆ: ಸದ್ದಿಲ್ಲದಿದ್ದರೆ ಇಂಕು ಸರಿಯಾಗಿ ಇಳಿಯುತ್ತಿದೆ ಎಂದರ್ಥ, ಕರ್ರ್ ಎಂದರೆ ನಿಬ್ಬು ಒಣಗಿದೆ. ಆಗ ಪೆನ್ನನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಬೇಕು. ಒಳಗಿನ ಸೂಜಿಯ ತೂಕ ಟಿಕ್ ಟಿಕ್ ಎಂದರೆ ಇನ್ನೂ ಜೀವ ಇದೆ; ಸುಮ್ಮನಿದ್ದರೆ ಬಿಚ್ಚಿ ತೊಳೆಯುವುದೇ ಗತಿ.

ನಮಗೆ ಹಿರಿಯರಾದ ಡ್ರಾಫ್ಟ್ಸ್‌ಮನ್ ಒಬ್ಬರಿದ್ದರು. ಕೋಣೆಯ ಆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರೂ ಈ ತುದಿಯ ಹುಡುಗನಿಗೆ, “ಮೊನೆ ಮೊಂಡಾಗಿದೆ ಕಣಯ್ಯಾ, ಮಸೆದುಕೋ” ಎನ್ನುತ್ತಿದ್ದರು. ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯುವ ಕಾಲ ಅದು. ಆ ಕೆರೆತ ಸ್ವಲ್ಪ ಹೆಚ್ಚು ಹೊತ್ತು ಕೇಳಿಸಿತೋ, “ಗೋಡೆ ಒಂದನ್ನೇ ಕೆರೀತಿದೀಯೋ, ಇಡೀ ಮನೇನೇ ಕೆರೀತಿದೀಯೋ?” ಎಂದು ಕೇಳುತ್ತಿದ್ದರು. ಅವರು ಯಾರ ಹಾಳೆಯನ್ನೂ ಬಗ್ಗಿ ನೋಡಿದವರಲ್ಲ. ಕೋಣೆಯಲ್ಲಿ ಯಾರ ಕೆಲಸ ಎಲ್ಲಿಗೆ ಬಂದಿದೆ ಎಂಬುದು ಅವರ ಕಿವಿಗೆ ತಾನಾಗಿ ಬಂದು ಬೀಳುತ್ತಿತ್ತು. ಕಣ್ಣು ಮಾತ್ರ ತಮ್ಮ ಹಾಳೆಯ ಮೇಲೇ ಇರುತ್ತಿತ್ತು.

1982ರ ಕೊನೆಗೆ ಅಮೆರಿಕದಲ್ಲಿ ಹೊರಬಂದ, ಗಣಕದಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೊಕ್ಯಾಡ್ ನಮ್ಮ ಮೇಜಿಗೆ ಬರುವ ಹೊತ್ತಿಗೆ ತೊಂಬತ್ತರ ದಶಕ ಅರ್ಧ ದಾಟಿತ್ತು. ಮೊದಮೊದಲು ನಕ್ಷೆಯನ್ನು ಕಾಗದಕ್ಕಿಳಿಸುವ ಪ್ಲಾಟರಾದರೂ ಮಾತಾಡುತ್ತಿತ್ತು. ಪೆನ್ನಿನ ಪ್ಲಾಟರ್ ಅದು. ತಾನೇ ಪೆನ್ನು ಎತ್ತಿಕೊಂಡು ಬರೆಯುವಾಗ ನೇರ ಗೆರೆಗೆ ಒಂದು ರಾಗ, ಕಮಾನಿಗೆ ಏರಿಳಿಯುವ ಇನ್ನೊಂದು ರಾಗ. ಆಮೇಲೆ ಇಂಕ್‌ಜೆಟ್ ಬಂದು ಅದೂ ನಿಂತಿತು. ಅಮೋನಿಯಾ ಪ್ರಿಂಟಿನ ಘಾಟು ಹೋದದ್ದಕ್ಕೆ ಎಲ್ಲರೂ ನಿಟ್ಟುಸಿರು ಬಿಟ್ಟೆವು. ಅದರ ಜೊತೆಗೆ ಸದ್ದೂ ಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಸದ್ದು ಹೋದ ಮೇಲೆ ಅದರ ಕೆಲಸವೆಲ್ಲ ಕಣ್ಣಿನ ಪಾಲಿಗೆ ಬಂತು. ಒಂದು ಗೋಡೆ ಎಳೆಯುವುದನ್ನೇ ನೋಡಿ. ಎಡಗೈ ಕೀಬೋರ್ಡಿನ ಮೇಲೆ, ಬಲಗೈ ಮೌಸಿನ ಮೇಲೆ. ‘ಓ’ ಒತ್ತಿ ಸ್ಪೇಸ್ ಬಾರ್ ತಟ್ಟಿದರೆ ಆಫ್‌ಸೆಟ್. ಒಂಬತ್ತಿಂಚು ಎಂದು ಕೊಟ್ಟು, ಗೆರೆ ಮುಟ್ಟಿ, ಯಾವ ಕಡೆ ಎಂದು ತೋರಿಸಿದರೆ ಗೋಡೆಯ ಎರಡನೆಯ ಗೆರೆ ಸಿದ್ಧ. ಆಮೇಲೆ ‘ಟಿ-ಆರ್’ ಒತ್ತಿ ಮೂಲೆಯಲ್ಲಿ ಹೆಚ್ಚಾದ ತುಂಡನ್ನು ಕತ್ತರಿಸಬೇಕು. ಕೈಗೆ ಇದು ಲೆಕ್ಕಕ್ಕೇ ಇಲ್ಲದ ಕೆಲಸ. ಕಣ್ಣಿಗೆ ಹಾಗಲ್ಲ. ಒತ್ತಿದ ಕಮಾಂಡ್ ಹಿಡಿಯಿತೇ ಎಂದು ತೆರೆಯ ಕೆಳಗಿನ ಕಮಾಂಡ್ ಸಾಲಿಗೆ ಒಮ್ಮೆ ಇಳಿಯಬೇಕು. ಈಗ ಬರೆಯುತ್ತಿರುವ ಪದರ ಗೋಡೆಯ ಲೇಯರೋ ಪೀಠೋಪಕರಣದ ಲೇಯರೋ ಎಂದು ಮೇಲಿನ ಪಟ್ಟಿಗೆ ಒಮ್ಮೆ ಹತ್ತಬೇಕು. ಕರ್ಸರನ್ನು ಗೆರೆಗೆ ಅಂಟಿಸುವ ಸ್ನ್ಯಾಪ್ ಹಿಡಿದದ್ದು ತುದಿಯನ್ನೋ ನಡುವನ್ನೋ ಎಂದು ಗುರುತು ನೋಡಬೇಕು: ಚೌಕ ಬಂದರೆ ತುದಿ, ತ್ರಿಕೋನ ಬಂದರೆ ನಡು, ಮರಳುಗಡಿಯಾರದಂಥದ್ದು ಬಂದರೆ ಗೆರೆಯ ಮೇಲೆ ಎಲ್ಲೋ ಒಂದು ಕಡೆ. ಇಷ್ಟಾಗಿ ಕಣ್ಣು ಗೋಡೆಗೆ ಮರಳಿ ಬರುವಷ್ಟರಲ್ಲಿ, ಎಲ್ಲಿ ಬಿಟ್ಟಿದ್ದೆ ಎಂದು ಹುಡುಕಬೇಕು.

ಹೊಸದಾಗಿ ಸೇರುವ ಹುಡುಗರು ಬೆರಳು ಓಡಿಸುವುದನ್ನೇ ವೇಗ ಎಂದುಕೊಂಡಿರುತ್ತಾರೆ. ಕೀಬೋರ್ಡಿನ ಮೇಲೆ ಅವರು ಮೃದಂಗ ಬಾರಿಸುವುದನ್ನು ನೋಡಿದರೆ ಸಂಜೆಯೊಳಗೆ ಒಂದು ಬಡಾವಣೆಯನ್ನೇ ಎಬ್ಬಿಸಿಬಿಡುತ್ತಾರೆ ಎನ್ನಿಸುತ್ತದೆ. ಸಂಜೆಗೆ ನೋಡಿದರೆ ಅದೇ 30x40 ಸೈಟಿನ ಅದೇ ನೆಲಮಹಡಿ. ಸಮಯ ತಿನ್ನುವುದು ಗೆರೆಯಲ್ಲ, ಗೆರೆಯ ಮೇಲಿನ ಅನುಮಾನ. ಬಿತ್ತೋ ಇಲ್ಲವೋ, ಸರಿಯಾದ ಕಡೆ ಬಿತ್ತೋ, ಸರಿಯಾದ ಲೇಯರಿನಲ್ಲಿ ಬಿತ್ತೋ ಎಂದು ಪ್ರತಿ ಸಲವೂ ಕಣ್ಣು ತಿರುಗಿ ನೋಡುತ್ತದಲ್ಲ, ದಿನ ಕರಗುವುದು ಅಲ್ಲಿ.

ನನ್ನಜ್ಜಿ ಕಥೆ ಹೇಳಲು ಕೂತರೆ ಒಂದು ಷರತ್ತು ಹಾಕುತ್ತಿದ್ದರು. ಕೇಳುವವರು ‘ಹ್ಞೂಂ’ ಎನ್ನುತ್ತಿರಬೇಕು. ಒಂದಾನೊಂದು ಊರಲ್ಲಿ, ಹ್ಞೂಂ. ಒಬ್ಬ ರಾಜ ಇದ್ದ, ಹ್ಞೂಂ. ಹೂಂಗುಡುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಅವರಿಗೆ ನಮ್ಮ ಮುಖ ನೋಡುವ ಅಗತ್ಯವಿರಲಿಲ್ಲ. ಕತ್ತಲಲ್ಲಿ ಬತ್ತಿ ಹೊಸೆಯುತ್ತಲೇ ಹೇಳುತ್ತಿದ್ದರು. ನಮ್ಮ ಹೂಂ ಕಥೆಗೆ ಏನನ್ನೂ ಸೇರಿಸುತ್ತಿರಲಿಲ್ಲ. ಹೇಳಿದ್ದು ತಲುಪಿತು, ಮುಂದಕ್ಕೆ ಹೋಗಬಹುದು ಎಂಬುದಷ್ಟೇ ಅದರ ಅರ್ಥ. ಆ ಒಂದು ಅಕ್ಷರದಿಂದ ಅಜ್ಜಿಯ ಕೈಯೂ ಓಡುತ್ತಿತ್ತು, ಕಥೆಯೂ ಓಡುತ್ತಿತ್ತು. ನಕ್ಷೆಯ ಸಾಫ್ಟ್‌ವೇರಿನಲ್ಲಿ ಇಲ್ಲದಿರುವುದು ಈ ಹೂಂ.

ಗಣಕಕ್ಕೆ ಹುಟ್ಟಿನಲ್ಲಿ ಬಾಯಿ ಇಲ್ಲದಿರಲಿಲ್ಲ. 1951ರ ಸುಮಾರಿಗೆ ಮ್ಯಾಂಚೆಸ್ಟರಿನಲ್ಲಿದ್ದ ಕೋಣೆಗಾತ್ರದ ಗಣಕಕ್ಕೆ ‘ಹೂಟರ್’ ಎಂಬ ಸ್ಪೀಕರೊಂದಿತ್ತು. ಆ ಯಂತ್ರಕ್ಕೆ ಅಲನ್ ಟ್ಯೂರಿಂಗ್ ಬರೆದ ಕೈಪಿಡಿಯಲ್ಲಿ ಅದನ್ನು ಬಳಸುವ ಬಗೆ ಇದೆ. ಕೆಲಸ ಮುಗಿದರೆ ಒಂದು ಸ್ವರ, ಲೆಕ್ಕ ಜಾಗ ಮೀರಿ ತುಳುಕಿದರೆ ಇನ್ನೊಂದು ಸ್ವರ. ಕ್ರಿಸ್ಟೋಫರ್ ಸ್ಟ್ರೇಚಿ ಎಂಬ ಮೇಷ್ಟ್ರು ಅದರಿಂದಲೇ ತಮ್ಮ ದೇಶದ ರಾಷ್ಟ್ರಗೀತೆ ನುಡಿಸಿಬಿಟ್ಟರು. ಅಮೆರಿಕದ ಎಂಐಟಿಯಲ್ಲಿದ್ದ ಟಿಎಕ್ಸ್-0 ಗಣಕಕ್ಕೂ ಸ್ಪೀಕರ್ ಜೋಡಿಸಿದ್ದರು. ಅದರ ಗುಂಯ್‌ಗುಡುವಿಕೆ ಕೇಳಿಯೇ ಪ್ರೋಗ್ರಾಂ ಈಗ ಯಾವ ಭಾಗದಲ್ಲಿದೆ ಎಂದು ಪಳಗಿದವರು ಹೇಳುತ್ತಿದ್ದರಂತೆ. ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ ಅಲ್ಲಿದ್ದಿದ್ದರೆ ಮೊದಲ ದಿನವೇ ಒಗ್ಗಿಹೋಗುತ್ತಿದ್ದರು. ಟಿಎಕ್ಸ್-0ರ ತಮ್ಮನಾದ ಟಿಎಕ್ಸ್-2ರ ಮೇಲೆ 1963ರಲ್ಲಿ ಐವಾನ್ ಸದರ್ಲ್ಯಾಂಡ್ ‘ಸ್ಕೆಚ್‌ಪ್ಯಾಡ್’ ತೋರಿಸಿದರು. ತೆರೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆದರೆ ಅದು ತಾನಾಗಿ ನೇರವಾಗುತ್ತಿತ್ತು, ಮೂಲೆಗೆ ಮೂಲೆ ಕೂಡುತ್ತಿತ್ತು. ನಮ್ಮ ಕಸುಬಿನ ಸಾಫ್ಟ್‌ವೇರುಗಳಿಗೆಲ್ಲ ಮೂಲಪುರುಷ ಅದೇ.

ಆಮೇಲೆ ಗಣಕದ ಬಾಯಿಗೆ ಒಂದೇ ಒಂದು ಮಾತು ಉಳಿಯಿತು. ಟೆಲಿಪ್ರಿಂಟರುಗಳಲ್ಲಿ ಆಚೆಯವರನ್ನು ಕರೆಯಲು ಗಂಟೆಯಿತ್ತು. ಅಕ್ಷರಗಳಿಗೆ ಸಂಖ್ಯೆ ಕೊಟ್ಟ ಆಸ್ಕಿ ಪಟ್ಟಿಯಲ್ಲಿ ಇವತ್ತಿಗೂ 7ನೆಯ ಸಂಖ್ಯೆ ಆ ಗಂಟೆಯದು. ಅದೇ ಗಂಟೆ ಪರ್ಸನಲ್ ಕಂಪ್ಯೂಟರಿಗೆ ಬಂದಾಗ ‘ಬೀಪ್’ ಆಯಿತು, ಹೆಚ್ಚಾಗಿ ತಪ್ಪು ಮಾಡಿದವರ ಪಾಲಿಗೇ ಬಿತ್ತು. ಆಟೊಕ್ಯಾಡಿನ ಆಪ್ಷನ್ಸ್‌ನಲ್ಲಿ ಸಿಸ್ಟಮ್ ಎಂಬ ಪುಟಕ್ಕೆ ಹೋದರೆ, ತಪ್ಪು ಒತ್ತಿದಾಗ ಬೀಪ್ ಮಾಡಲೇ ಎಂದು ಕೇಳುವ ಒಂದು ಚೌಕ ಕಾಣುತ್ತದೆ. ಅದಕ್ಕೆ ಟಿಕ್ ಹಾಕಿಟ್ಟುಕೊಳ್ಳುವ ಧೈರ್ಯವಂತರು ನಮ್ಮಲ್ಲಿ ಯಾರೂ ಇರಲಿಲ್ಲ. ತಪ್ಪು ಮಾಡುವುದು ಬೇರೆ, ಡಂಗುರ ಸಾರಿ ತಪ್ಪು ಮಾಡುವುದು ಬೇರೆ. ಸರಿಯಾಗಿ ಮಾಡಿದ ನೂರು ಗೆರೆಗೆ ಸುಮ್ಮನಿದ್ದು ತಪ್ಪಿದ ಒಂದಕ್ಕೆ ಕಿರುಚುವವರ ಜೊತೆ ಯಾರಿಗೆ ತಾನೆ ಕೆಲಸ ಮಾಡಲು ಇಷ್ಟ? ಹೀಗೆ ನಾವೇ ಸ್ಪೀಕರಿನ ಬಾಯಿ ಮುಚ್ಚಿಸಿದೆವು, ಮುಚ್ಚಿದ ಮೇಲೆ ಮರೆತೆವು.

ಎಲ್ಲರೂ ಮರೆಯಲಿಲ್ಲ. ಆಪಲ್ ಕಂಪನಿಯಲ್ಲಿದ್ದ ವಿಲಿಯಂ ಗೇವರ್ 1989ರಲ್ಲಿ ‘ಸಾನಿಕ್ ಫೈಂಡರ್’ ಎಂಬುದರ ಬಗ್ಗೆ ಬರೆದರು. ಅದರಲ್ಲಿ ಫೈಲನ್ನು ಮುಟ್ಟಿದರೆ ತಟ್ಟಿದ ಸದ್ದು. ಫೈಲು ದೊಡ್ಡದಾದಷ್ಟೂ ದನಿ ದಪ್ಪ. ನಕಲು ಆಗುತ್ತಿರುವಾಗ ಪಾತ್ರೆಗೆ ನೀರು ಸುರಿದ ಸದ್ದು, ತುಂಬುತ್ತ ಬಂದಂತೆ ದನಿ ಏರುತ್ತಿತ್ತು. ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟು ಒಳಗೆ ಒಗ್ಗರಣೆ ಹಾಕುತ್ತಿರುವ ಯಾವ ಗೃಹಿಣಿಗೂ ಇದನ್ನು ವಿವರಿಸಬೇಕಾಗಿಲ್ಲ.

ನಮಗೆ ಇನ್ನೂ ಹತ್ತಿರದ ಸುದ್ದಿ ಗ್ಲಾಸ್ಗೊದ್ದು. ಅಲ್ಲಿನ ವಿಶ್ವವಿದ್ಯಾಲಯದ ಸ್ಟೀಫನ್ ಬ್ರೂಸ್ಟರ್ ಮತ್ತು ಕ್ಯಾಥರೀನ್ ಕ್ಲಾರ್ಕ್ 1997ರಲ್ಲಿ ಮಂಡಿಸಿದ ಪ್ರಯೋಗ ಚಿತ್ರ ಬರೆಯುವ ಸಾಫ್ಟ್‌ವೇರಿನ ಉಪಕರಣಗಳ ಪಟ್ಟಿಯ ಮೇಲೆಯೇ ನಡೆದದ್ದು. ಪಟ್ಟಿ ಇರುವುದು ತೆರೆಯ ಅಂಚಿನಲ್ಲಿ, ಬರೆಯುವವರ ಕಣ್ಣು ಇರುವುದು ಚಿತ್ರದಲ್ಲಿ. ಹೀಗಾಗಿ ಕೈಯಲ್ಲಿ ಯಾವ ಉಪಕರಣ ಇದೆ ಎಂಬುದನ್ನೇ ಮರೆತು, ಒಂದು ಬರೆಯಲು ಹೋಗಿ ಇನ್ನೊಂದು ಬರೆಯುತ್ತಾರೆ. ಬ್ರೂಸ್ಟರ್ ಮತ್ತು ಕ್ಲಾರ್ಕ್ ಯಾವ ಉಪಕರಣ ಕೈಯಲ್ಲಿದೆ, ಯಾವಾಗ ಬದಲಾಯಿತು ಎಂಬುದನ್ನು ಪುಟ್ಟ ಪುಟ್ಟ ಸ್ವರಗಳಲ್ಲಿ ತಿಳಿಸಿದರು. ತಪ್ಪು ಉಪಕರಣದಿಂದ ಮಾಡುವ ಕೆಲಸ ಗಣನೀಯವಾಗಿ ಕಡಿಮೆಯಾಯಿತು. ಸದ್ದಿನಿಂದ ಬಳಕೆದಾರರ ಕಿರಿಕಿರಿಯೂ ಹೆಚ್ಚಲಿಲ್ಲ. ಈ ಎರಡನೆಯ ಮಾತೇ ನನ್ನನ್ನು ಹಿಡಿದದ್ದು. ಸಹಾಯ ಮಾಡುವವರು ಲೋಕದಲ್ಲಿ ಸಿಗುತ್ತಾರೆ. ಕಿರಿಕಿರಿ ಮಾಡದೆ ಸಹಾಯ ಮಾಡುವವರು ಅಪರೂಪ.

ನಮ್ಮ ಆಫೀಸಿನಲ್ಲಿ ಗೆರೆಗೆ ಸದ್ದು ಜೋಡಿಸುವ ಈ ಕೆಲಸಕ್ಕೆ ಕೈ ಹಾಕಿದ್ದು ಒಬ್ಬ ಹುಡುಗ. ಆಟೊಕ್ಯಾಡಿನೊಳಗೆ ಲಿಸ್ಪ್ ಎಂಬ ಭಾಷೆಯಲ್ಲಿ ನಮಗೆ ಬೇಕಾದ್ದನ್ನು ಬರೆದುಕೊಳ್ಳಬಹುದು. ಅದರಲ್ಲಿ ‘ರಿಯಾಕ್ಟರ್’ ಎಂಬ ಕಾವಲುಗಾರರಿದ್ದಾರೆ. ಕಮಾಂಡ್ ಶುರುವಾದರೆ, ಮುಗಿದರೆ, ಅರ್ಧಕ್ಕೆ ರದ್ದಾದರೆ, ಚಾಲ್ತಿ ಲೇಯರಿನ ಹೆಸರು ಬದಲಾದರೆ ಇವರು ಎಚ್ಚರಾಗುತ್ತಾರೆ. ಎಚ್ಚರಾದಾಗ ಏನು ಮಾಡಬೇಕೆಂದು ನಾವು ಬರೆದಿಡಬೇಕು. ಬರೀ ಬೀಪ್ ಸಾಕೆನ್ನುವವರಿಗೆ ‘ವಿಎಲ್ಆರ್-ಬೀಪ್-ರಿಯಾಕ್ಷನ್’ ಎಂಬ ಸಿದ್ಧ ಅಡುಗೆಯೇ ಇದೆ. ಹುಡುಗನಿಗೆ ಅಷ್ಟು ಸಾಲದು. ಪ್ರತಿ ಕಮಾಂಡಿಗೂ ಒಂದೊಂದು ಸದ್ದಿನ ಫೈಲು ಜೋಡಿಸಿದ. ಅಳಿಸಿದರೆ ಗಾಜು ಒಡೆಯಿತು, ಕತ್ತರಿಸಿದರೆ ಕತ್ತರಿ ಆಡಿತು, ಜೂಮ್ ಮಾಡಿದರೆ ವಿಮಾನ ಹಾರಿತು. ಒಂದು ಮಧ್ಯಾಹ್ನ ನಮ್ಮ ಆಫೀಸು ಕೆ.ಆರ್. ಮಾರ್ಕೆಟ್ಟಿನ ಸಂಜೆಯಂತಿತ್ತು. ಅಕೌಂಟ್ಸ್ ನೋಡುವ ಮೇಡಂ ತಮ್ಮ ಕ್ಯಾಲ್ಕುಲೇಟರ್ ಹಿಡಿದುಕೊಂಡು ಪಡಸಾಲೆಗೆ ನಡೆದರು.

“ಸರ್, ಯಾವುದು ಇರ್ಲಿ, ಯಾವುದು ತೆಗೀಲಿ?” ಎಂದ ಹುಡುಗ.

ಇದು ಒಳ್ಳೆಯ ಪ್ರಶ್ನೆ. ಕಣ್ಣಿಗೆ ತಾನಾಗಿ ಕಾಣುವುದಕ್ಕೆ ಸದ್ದು ದಂಡ. ಅಳಿಸಿದ ಗೆರೆ ಕಣ್ಣೆದುರೇ ಮಾಯವಾಗುತ್ತದೆ, ಅದಕ್ಕೆ ಗಾಜು ಒಡೆಯಬೇಕಿಲ್ಲ. ಜೂಮ್ ಆದದ್ದು ಕುರುಡನಿಗಲ್ಲದೆ ಮಿಕ್ಕೆಲ್ಲರಿಗೂ ಕಾಣುತ್ತದೆ. ಕಣ್ಣು ಕೆಲಸ ಬಿಟ್ಟು ಬೇರೆ ಕಡೆ ಓಡುವುದು ಎಲ್ಲೆಲ್ಲಿ ಎಂದು ನೋಡಿಕೊಂಡು ಅಲ್ಲಿಗಷ್ಟೇ ಸ್ವರ ಇಡಬೇಕು. ಹಾಗೆ ಸೋಸಿದಾಗ ಉಳಿದದ್ದು ಕೆಲವೇ: ಚಾಲ್ತಿ ಲೇಯರು ಯಾವುದು, ಕಮಾಂಡ್ ಮುಗಿಯಿತೇ, ಅರ್ಧಕ್ಕೆ ಬಿದ್ದುಹೋಯಿತೇ, ಮತ್ತು ಹೊತ್ತು ಹಿಡಿಯುವ ಪ್ಲಾಟ್ ಪೂರೈಸಿತೇ. ಕೊನೆಯದು ಗೆರೆಗಿಂತ ಹೆಚ್ಚಾಗಿ ಕಾಫಿಗೆ ಸಂಬಂಧಪಟ್ಟದ್ದು. ಅದು ನುಡಿಯುವವರೆಗೆ ಲೋಟ ಹಿಡಿದು ಕಿಟಕಿಯ ಹತ್ತಿರ ನಿಲ್ಲಬಹುದು.

ಸ್ವರಗಳನ್ನು ಆರಿಸುವಾಗ ಇನ್ನೊಂದು ಪಂಚಾಯಿತಿ ಆಯಿತು. ನಮ್ಮಲ್ಲಿ ವೀಣೆ ಕಲಿಯುತ್ತಿರುವ ಆರ್ಕಿಟೆಕ್ಟ್ ಒಬ್ಬಳಿದ್ದಾಳೆ. ಹುಡುಗ ಎಲ್ಲಿಂದಲೋ ತಂದು ಹಾಕಿದ ಸದ್ದುಗಳನ್ನು ಒಂದು ಗಂಟೆ ಸಹಿಸಿಕೊಂಡು, “ಗೋಡೆ ಒಂದು ಶ್ರುತಿ, ಕಿಟಕಿ ಇನ್ನೊಂದು ಶ್ರುತಿ. ಮನೆ ನಿಲ್ಲತ್ತೇನೋ, ನನ್ನ ತಲೆ ನಿಲ್ಲಲ್ಲ” ಎಂದಳು. ಅವಳೇ ಕೂತು ಎಲ್ಲವನ್ನೂ ಒಂದೇ ಶ್ರುತಿಗೆ ತಂದಳು. ಗೋಡೆಯ ಲೇಯರು ಷಡ್ಜದಲ್ಲಿ, ಬಾಗಿಲು ಕಿಟಕಿ ಗಾಂಧಾರದಲ್ಲಿ, ಅಳತೆ ಬರೆಯುವ ಲೇಯರು ಪಂಚಮದಲ್ಲಿ. ಆಟೊಕ್ಯಾಡಿನಲ್ಲಿ ‘ಡೆಫ್‌ಪಾಯಿಂಟ್ಸ್’ ಎಂಬ ಒಂದು ಮೋಸದ ಲೇಯರಿದೆ. ಅದರಲ್ಲಿ ಬರೆದದ್ದು ತೆರೆಯ ಮೇಲೆ ಕಾಣುತ್ತದೆ, ಪ್ರಿಂಟಿಗೆ ಬರುವುದಿಲ್ಲ. ಅದಕ್ಕೆ ಮಾತ್ರ ಉದ್ದೇಶಪೂರ್ವಕವಾಗಿ ಅಪಸ್ವರ. ಕಮಾಂಡ್ ಮುಗಿದರೆ ತಂತಿಯನ್ನು ಉಗುರಿನಿಂದ ಸೋಕಿದಷ್ಟು ಸಣ್ಣ ಟಿಣ್. ರದ್ದಾದರೆ ಮರದ ಮೇಲೆ ಬೆರಳು ತಟ್ಟಿದ ಹಾಗೆ. ದನಿ ಎಷ್ಟು ಸಣ್ಣದೆಂದರೆ ಪಕ್ಕದ ಕುರ್ಚಿಯವರಿಗೆ ಕೇಳಿಸಬಾರದು. ಒಬ್ಬೊಬ್ಬರ ಮೇಜಿಗೂ ಒಂದು ಕಿವಿಯ ಇಯರ್‌ಫೋನ್ ಬಂತು. ಇನ್ನೊಂದು ಕಿವಿ ಬಾಸ್ ಕರೆದಾಗ ಓಗೊಡಲು.

ಸದ್ದಿಗೆ ಹೊತ್ತೂ ಮುಖ್ಯ ಎಂದು ಗೊತ್ತಾದದ್ದು ಆ ಇಯರ್‌ಫೋನಿನಿಂದಲೇ. ಕ್ಲಿಕ್ಕಿಗೂ ಉತ್ತರಕ್ಕೂ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಬಿಡುವು ಬಿದ್ದರೆ ಎರಡಕ್ಕೂ ನಂಟು ತಪ್ಪುತ್ತದೆ ಎಂದು ಐಬಿಎಂನ ರಾಬರ್ಟ್ ಮಿಲ್ಲರ್ 1968ರಷ್ಟು ಹಿಂದೆಯೇ ಬರೆದಿಟ್ಟಿದ್ದರು. ಬ್ಲೂಟೂತ್ ಇಯರ್‌ಫೋನು ಹಾಕಿಕೊಂಡವರಿಗೆ ಸ್ವರ ತಡವಾಗಿ ಬರುತ್ತಿತ್ತು. ಮುಂದಿನ ಗೆರೆ ಶುರುವಾದ ಮೇಲೆ ಹಿಂದಿನ ಗೆರೆಯ ಹೂಂ. ಅದಕ್ಕಿಂತ ಮೌನವೇ ವಾಸಿ. ವೈರಿನದ್ದು ತಂದ ಮೇಲೆ ಗೆರೆಯೂ ಸ್ವರವೂ ಒಟ್ಟಿಗೆ ಬಿದ್ದವು.

ಇದರಿಂದ ಕೆಲಸ ಬೇಗ ಆಗುತ್ತದೆಯೇ? ಆಗುತ್ತದೆ, ಆದರೆ ನೀವು ಅಂದುಕೊಂಡ ರೀತಿಯಲ್ಲಿ ಅಲ್ಲ. ಬೆಳಕು ಕಂಡು ಬೆರಳು ಒತ್ತಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು; ಸದ್ದು ಕೇಳಿ ಒತ್ತಲು ಅದಕ್ಕಿಂತ ತುಸು ಕಡಿಮೆ. ಆ ತುಸುವಿನಲ್ಲಿ ಯಾರ ಮನೆಯೂ ಎದ್ದುಬಿಡುವುದಿಲ್ಲ. ನಿಜವಾದ ಲಾಭ, ಕಣ್ಣು ಇದ್ದಲ್ಲೇ ಇರುವುದು. ಮೆಟ್ಟಿಲಿನ ಮೂಲೆಯಲ್ಲಿ ಕೆಲಸ ಮಾಡುತ್ತಿರುವಾಗ ಕಣ್ಣು ಆ ಮೂಲೆಯನ್ನು ಬಿಟ್ಟು ಕದಲಬೇಕಾಗಿಲ್ಲ. ಹಾಗೆ ಒಂದೇ ಕಡೆ ನೆಟ್ಟ ಕಣ್ಣಿಗೆ ಮೊದಲು ಕಾಣದಿದ್ದದ್ದು ಕಾಣತೊಡಗುತ್ತದೆ: ಈ ಬಾಗಿಲು ತೆರೆದರೆ ಆ ಬಾಗಿಲಿಗೆ ಬಡಿಯುತ್ತದಲ್ಲ, ಮೆಟ್ಟಿಲು ಹತ್ತುವವರ ತಲೆಗೆ ಈ ಬೀಮು ತಗಲುತ್ತದಲ್ಲ ಎಂದು. ಮಾಡಿದ್ದನ್ನೇ ಮತ್ತೆ ಮಾಡುವುದು ತಪ್ಪುತ್ತದೆ. ಉಳಿತಾಯವಾಗುವ ಸಮಯದಲ್ಲಿ ದೊಡ್ಡ ಪಾಲು ಅದು.

ಕೆಲವು ದಿನ ಕಳೆದರೆ ಸ್ವರ ಕೇಳಿಸುವುದೇ ನಿಂತುಹೋಗುತ್ತದೆ. ಕಿವಿಗೆ ಬೀಳುತ್ತಿರುತ್ತದೆ, ಮನಸ್ಸಿಗೆ ಬರುವುದಿಲ್ಲ. ಷಡ್ಜ ಬರಬೇಕಾದಲ್ಲಿ ಪಂಚಮ ಬಂದರೆ ಮಾತ್ರ, ಏನಾಯಿತು ಎಂದು ತಿಳಿಯುವ ಮೊದಲೇ ಬೆರಳು ಗಕ್ಕನೆ ನಿಲ್ಲುತ್ತದೆ. ಗೋಡೆಯನ್ನು ಅಳತೆಯ ಲೇಯರಿನಲ್ಲಿ ಎಳೆಯಲು ಹೊರಟಿದ್ದೆ ಎಂಬುದು ಆಮೇಲೆ ಹೊಳೆಯುತ್ತದೆ. ತಪ್ಪಾಗಿದೆ ಎಂದು ಯಂತ್ರ ಬೈದದ್ದಲ್ಲ ಅದು. ದಿನವಿಡೀ ಹೂಂ ಎನ್ನುತ್ತಿದ್ದವನು ಒಮ್ಮೆ “ಹೌದಾ?” ಎಂದಂತೆ, ಅಷ್ಟೇ.

ಎಲ್ಲರಿಗೂ ಇದು ಒಗ್ಗಬೇಕೆಂದೇನಿಲ್ಲ. ಹಳೆಯ ಚಿತ್ರಗೀತೆ ಹಾಕಿಕೊಳ್ಳದೆ ಗೆರೆ ಎಳೆಯಲಾರದ ಸಹೋದ್ಯೋಗಿಯೊಬ್ಬರಿದ್ದಾರೆ, ಪಿ.ಬಿ. ಶ್ರೀನಿವಾಸ್ ದನಿಗೆ ನಡುನಡುವೆ ಗೋಡೆಯ ಷಡ್ಜ ಸೇರುವುದು ಅವರಿಗೆ ಅಪಚಾರವಾಗಿ ಕಂಡಿತು. ಕಿವಿ ಮಂದವಿರುವವರಿಗೆ ಸದ್ದಿನಿಂದ ಏನೂ ಸಿಗದು. ಅವರ ಪಾಲಿನ ಚೌಕ, ತ್ರಿಕೋನ, ಕಮಾಂಡ್ ಸಾಲು ಇದ್ದಲ್ಲಿಯೇ ಇರಬೇಕು. ಸದ್ದು ಕಣ್ಣಿಗೆ ಕೈ ಜೋಡಿಸಲು ಬಂದದ್ದು, ಕುರ್ಚಿ ಕಿತ್ತುಕೊಳ್ಳಲು ಬಂದದ್ದಲ್ಲ.

ಉಳಿದ ಸಮಯ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಉತ್ತರ ಸುಲಭ: ಗಿರಾಕಿಗಳಿಗೆ ಹೋಯಿತು. ನಕ್ಷೆ ಬೇಗ ಆಗುತ್ತದೆ ಎಂದು ಗೊತ್ತಾದ ಮೇಲೆ ಗಂಡ ಹೆಂಡತಿ ಇಬ್ಬರೂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಡುಗೆಮನೆಯ ಗೋಡೆ ಒಂದಡಿ ಆಚೆ ಹೋಗಲಿ ಎನ್ನುತ್ತಾರೆ ಯಜಮಾನರು. ಷಡ್ಜ ನುಡಿಯುತ್ತದೆ. ಬೇಡ, ಅರ್ಧ ಅಡಿ ಈಚೆಗೇ ಬರಲಿ ಎನ್ನುತ್ತಾರೆ ಯಜಮಾನತಿ. ಮತ್ತೆ ಷಡ್ಜ. ಅಷ್ಟರಲ್ಲಿ ಫೋನಿನಲ್ಲಿ ಸಿಕ್ಕ ವಾಸ್ತು ಪಂಡಿತರು ದೇವರ ಮನೆಯನ್ನು ಈಶಾನ್ಯಕ್ಕೆ ಎಳೆಯುತ್ತಾರೆ. ಕಿಟಕಿ ಬಾಗಿಲುಗಳೆಲ್ಲ ಗಾಂಧಾರದಲ್ಲಿ ಸ್ಥಳಾಂತರಗೊಳ್ಳುತ್ತವೆ. ಪ್ರತಿ ಗೆರೆಗೂ ಯಂತ್ರ ತಪ್ಪದೆ ಹೂಂ ಎನ್ನುತ್ತದೆ. ಒಂದೇ ಮನೆಯ ಇಬ್ಬರಿಂದ ಒಂದೇ ನಕ್ಷೆಗೆ ಒಟ್ಟಿಗೆ ಹೂಂ ಅನ್ನಿಸುವ ಲಿಸ್ಪ್ ಬರೆದುಕೊಡು ಎಂದು ನಮ್ಮ ಹುಡುಗನಿಗೆ ಹೇಳಿದ್ದೇನೆ. ಅವನಿಗಿನ್ನೂ ಮದುವೆಯಾಗಿಲ್ಲ; ಆಗಬಹುದು ಸರ್ ಎಂದಿದ್ದಾನೆ.